ನೊಂದವರು ತಮ್ಮ ಬದುಕನ್ನು ಪೂರ್ತಿಯಾಗಿ ಹೇಳಿಕೊಳ್ಳುವಂತಾಗಲಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರು ಹಾಗೂ ಕಾರ್ಯದರ್ಶಿಗಳು,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಉಭಯಲಿಂಗಾಸಕ್ತರಿಗೆ ನೆರವು ನೀಡುವ ಕುರಿತು.

ಮಾನ್ಯರೇ,

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳೊಬ್ಬಳು ನೊಂದ ಮಹಿಳೆಯರಿಗೆ ನೆರವಾಗುವ ಸಖಿ ಒನ್ ಸ್ಟಾಪ್ ಕೇಂದ್ರಕ್ಕೋ ಸಾಂತ್ವನ ಕೇಂದ್ರಕ್ಕೋ ಬರುವಾಗ, ನಡೆದದ್ದನ್ನು ಹೇಗೆ ಹೇಳಬೇಕು ಎಂಬುದರ ಜೊತೆಗೆ ತನ್ನ ಬದುಕಿನಲ್ಲಿ ಯಾವುದನ್ನೆಲ್ಲ ಹೇಳಬಾರದು ಎಂಬುದನ್ನೂ ಯೋಚಿಸಿಕೊಂಡೇ ಬರುತ್ತಾಳೆ. ಆಕೆಗೆ ಗಂಡಸರ ಮೇಲೆ ಒಲವು ಮೂಡುವಂತೆಯೇ ಹೆಂಗಸರ ಮೇಲೂ ಮೂಡುವುದಾದರೆ, ಅಂದರೆ ಆಕೆ ಉಭಯಲಿಂಗಾಸಕ್ತಳಾಗಿದ್ದರೆ, ಹೇಳಬಾರದ ಸಂಗತಿಗಳು ಇನ್ನೂ ಹೆಚ್ಚುತ್ತವೆ. ಹಿಂದೆ ಪ್ರೀತಿಸಿದ ಗೆಳತಿಯ ವಿಚಾರ, ಅದು ಗೊತ್ತಾದ ಮೇಲೆಯೇ ಗಂಡ ಅಥವಾ ಸಂಗಾತಿ ಹಿಂಸೆಗೆ ಇಳಿದ ವಿಚಾರ, ಮನೆಯವರಿಗೆ ತಿಳಿಸುತ್ತೇನೆಂದು ಬೆದರಿಸಿ ಬಾಯಿ ಮುಚ್ಚಿಸಿದ ವಿಚಾರ, ಎಲ್ಲವೂ ಒಳಗೇ ಉಳಿಯುತ್ತವೆ. ಅಪರಾಧ ಏಕೆ ನಡೆಯಿತು ಎಂಬುದಕ್ಕೂ, ನಾಳೆ ಮತ್ತೆ ನಡೆಯಬಹುದಾದ ಅಪಾಯಕ್ಕೂ ಉತ್ತರ ಅನೇಕ ವೇಳೆ ಅಲ್ಲೇ ಇರುತ್ತದೆ. ನೊಂದವರು ಹೀಗೆ ಅರ್ಧ ಬದುಕನ್ನು ಮರೆಮಾಡಿ ನೆರವು ಕೇಳುವ ಸ್ಥಿತಿಯನ್ನು ಬದಲಿಸುವ ಅಧಿಕಾರ ಬಹುಮಟ್ಟಿಗೆ ತಮ್ಮ ಇಲಾಖೆಯಲ್ಲೇ ಇದೆ ಎಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಉಭಯಲಿಂಗಾಸಕ್ತಳು. ಹಲವು ವರ್ಷಗಳಿಂದ ದೌರ್ಜನ್ಯಕ್ಕೆ ಒಳಗಾದವರ ಜೊತೆ ಆಸ್ಪತ್ರೆ, ಪೊಲೀಸ್ ಠಾಣೆ, ನ್ಯಾಯಾಲಯಗಳಿಗೆ ಹೋಗಿ ಬರುತ್ತಿರುವವಳು. ಮುಂದೆ ಹೇಳುವ ಮಾತುಗಳೆಲ್ಲ ಅಂಥ ಕೊಠಡಿಗಳಲ್ಲಿ ನಾನೇ ಕೇಳಿದವು ಅಥವಾ ನೊಂದವರು ನನಗೆ ಹೇಳಿಕೊಂಡವು. ಯಾರ ಗುರುತೂ ಹೊರಬೀಳಬಾರದೆಂದು ಊರು, ಕೇಂದ್ರ, ವೃತ್ತಿ ಯಾವುದನ್ನೂ ಬರೆದಿಲ್ಲ. ಯಾವ ಸಿಬ್ಬಂದಿಯ ಮೇಲೂ ದೂರು ಹೇಳುವುದು ನನ್ನ ಉದ್ದೇಶವಲ್ಲ. ಕಡಿಮೆ ಗೌರವಧನಕ್ಕೆ ಹಗಲುರಾತ್ರಿ ದುಡಿಯುವ ಆಪ್ತಸಮಾಲೋಚಕಿಯರನ್ನು ನಾನು ಹತ್ತಿರದಿಂದ ಬಲ್ಲೆ, ಅವರಿಗೆ ಈ ವಿಷಯದಲ್ಲಿ ಯಾರೂ ಏನನ್ನೂ ಕಲಿಸಿಲ್ಲ ಎಂಬುದನ್ನೂ ಬಲ್ಲೆ.

ಈ ಸಮಸ್ಯೆ ಎಷ್ಟು ದೊಡ್ಡದು ಎಂದು ತಾವು ಕೇಳಬಹುದು. ಭಾರತದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಆಗಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಾಗಲಿ ಲೈಂಗಿಕ ಒಲವಿನ ಆಧಾರದ ಮೇಲೆ ದೌರ್ಜನ್ಯವನ್ನು ಲೆಕ್ಕ ಹಾಕುವುದಿಲ್ಲ. ಲೆಕ್ಕ ಹಾಕಿದ ದೇಶಗಳಲ್ಲಿ ಸಿಕ್ಕಿರುವ ಉತ್ತರ ಕಳವಳಕಾರಿಯಾಗಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ, ಬದುಕಿನಲ್ಲಿ ಒಮ್ಮೆಯಾದರೂ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಉಭಯಲಿಂಗಾಸಕ್ತ ಮಹಿಳೆಯರಲ್ಲಿ ಶೇ 46.1 ಇತ್ತು. ಗಂಡಸರಲ್ಲಿ ಮಾತ್ರ ಆಸಕ್ತಿಯಿರುವ ಮಹಿಳೆಯರಲ್ಲಿ ಅದು ಶೇ 17.4, ಸಲಿಂಗಾಸಕ್ತ ಮಹಿಳೆಯರಲ್ಲಿ ಶೇ 13.1. ಸಂಗಾತಿಯಿಂದ ಅತ್ಯಾಚಾರ, ದೈಹಿಕ ಹಿಂಸೆ ಅಥವಾ ಬೆನ್ನಟ್ಟಿ ಕಾಡುವಿಕೆಯನ್ನು ಅನುಭವಿಸಿದ ಉಭಯಲಿಂಗಾಸಕ್ತ ಮಹಿಳೆಯರು ಶೇ 61.1ರಷ್ಟಿದ್ದರು. ಅತ್ಯಾಚಾರಕ್ಕೆ ಒಳಗಾದ ಉಭಯಲಿಂಗಾಸಕ್ತ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಆ ಮೊದಲ ಅನುಭವವಾದದ್ದು 11ರಿಂದ 17ರ ವಯಸ್ಸಿನ ನಡುವೆ. ಇವು ಬೇರೆ ಸಮಾಜದ ಅಂಕಿಗಳು, ನಮ್ಮಲ್ಲೂ ಇಷ್ಟೇ ಎಂದು ನಾನು ಹೇಳುತ್ತಿಲ್ಲ. ಆದರೆ ಗಂಡು ಹೆಣ್ಣು ಇಬ್ಬರಲ್ಲೂ ಆಸಕ್ತಿಯಿರುವವರು ‘ಅರ್ಧ’ ಸಮಸ್ಯೆಯವರು, ಸಲಿಂಗಾಸಕ್ತರಿಗಿಂತ ಅವರ ಕಷ್ಟ ಕಡಿಮೆ ಎಂಬ ಸಾಮಾನ್ಯ ಊಹೆಯನ್ನು ಇವು ತಲೆಕೆಳಗು ಮಾಡುತ್ತವೆ.

ನಮ್ಮ ರಾಜ್ಯದ ಮಟ್ಟಿಗೆ ಒಂದು ಅಂಕಿ ನಮ್ಮ ಮುಂದಿದೆ. ಐದನೇ ಸುತ್ತಿನ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ನಮ್ಮ ಸಮಾಜದಲ್ಲಿ ಉಭಯಲಿಂಗಾಸಕ್ತ ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿಗೆ ಇಪ್ಪತ್ತರ ಆಸುಪಾಸಿನಲ್ಲೇ ಮದುವೆಯಾಗಿರುತ್ತದೆ, ಹಾಗಾಗಿ ಅವರು ಈ ಅಂಕಿಯ ಒಳಗೇ ಇದ್ದಾರೆ. ಅವರು ಬೆಂಗಳೂರಿನ ಪ್ರೈಡ್ ಮೆರವಣಿಗೆಯಲ್ಲಿ ವರ್ಷಕ್ಕೊಮ್ಮೆ ಕಾಣಿಸಿಕೊಳ್ಳುವ ದೂರದ ಜನರಲ್ಲ. ತಮ್ಮ ಸಂರಕ್ಷಣಾಧಿಕಾರಿಗಳ ಕಡತಗಳಲ್ಲಿ ‘ವಿವಾಹಿತೆ, ಕೌಟುಂಬಿಕ ದೌರ್ಜನ್ಯ’ ಎಂಬ ಶೀರ್ಷಿಕೆಯ ಅಡಿಯಲ್ಲಿ ಅವರು ಈಗಾಗಲೇ ಇದ್ದಾರೆ, ಗುರುತು ಸಿಗದೆ ಇದ್ದಾರೆ.

ಹೇಳಿಕೊಂಡರೆ ಏನಾಗುತ್ತದೆ ಎಂಬುದನ್ನು ಈಗ ಬರೆಯುತ್ತೇನೆ, ಏಕೆಂದರೆ ಈ ಪತ್ರದ ತಿರುಳು ಅಲ್ಲಿದೆ. ಮೊದಲನೆಯದು ಸಮ್ಮತಿಯ ಕುರಿತ ಅಪನಂಬಿಕೆ. “ಇಬ್ಬರೂ ಇಷ್ಟ ಅಂತೀಯಲ್ಲಮ್ಮ, ಮತ್ತೆ ಬಲವಂತ ಅಂದ್ರೆ ಹೇಗೆ?” ಎಂಬ ಪ್ರಶ್ನೆಯನ್ನು ದೌರ್ಜನ್ಯ ನಡೆದ ಮೂರನೆಯ ದಿನ ಒಬ್ಬ ಯುವತಿಗೆ ಕೇಳಿದ್ದನ್ನು ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡಿದ್ದೇನೆ. ಒಬ್ಬರಿಗಿಂತ ಹೆಚ್ಚು ಲಿಂಗದವರಲ್ಲಿ ಆಸಕ್ತಿ ಇರುವುದೆಂದರೆ ಯಾರು ಬಂದರೂ ಒಪ್ಪುವುದು ಎಂದು ಭಾವಿಸುವ ಈ ಮನೋಭಾವ ದೌರ್ಜನ್ಯ ಎಸಗಿದವನಲ್ಲೂ ಇರುತ್ತದೆ, ನ್ಯಾಯ ಕೊಡಿಸಬೇಕಾದವರಲ್ಲೂ ಇರುತ್ತದೆ. ಅಪರಾಧಿ ಮತ್ತು ನೆರವುಗಾರರು ಒಂದೇ ಮಾತನ್ನು ಆಡಿದಾಗ ನೊಂದವಳಿಗೆ ಉಳಿಯುವ ದಾರಿ ಮೌನವೊಂದೇ.

ಎರಡನೆಯದನ್ನು ಹೆಚ್ಚಾಗಿ ಅನುಕಂಪದಿಂದಲೇ ಹೇಳುತ್ತಾರೆ, ಆದ್ದರಿಂದ ಅದು ಇನ್ನೂ ಆಳಕ್ಕೆ ಇಳಿಯುತ್ತದೆ. “ಚಿಕ್ಕಂದಿನಲ್ಲಿ ಹಾಗೆ ಆಗಿದ್ದಕ್ಕೇ ನಿನಗೆ ಹುಡುಗಿಯರ ಕಡೆ ಮನಸ್ಸು ಹೋಗಿದೆ, ವಾಸಿಯಾದರೆ ಅದೂ ಹೋಗುತ್ತೆ.” ಈ ಮಾತನ್ನು ಕೇಳಿದವಳು ತನ್ನೊಳಗಿನ ಪ್ರೀತಿಯನ್ನೇ ದೌರ್ಜನ್ಯದ ಉಳಿಕೆಯೆಂದು ಅನುಮಾನಿಸತೊಡಗುತ್ತಾಳೆ. ತನ್ನ ಮೇಲೆ ಎರಗಿದವನು ತನ್ನ ಒಲವಿಗೂ ಕಾರಣನಾದ ಎಂದು ನಂಬುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ ಎಂದು ಒಬ್ಬಾಕೆ ನನ್ನೊಂದಿಗೆ ಹೇಳಿಕೊಂಡದ್ದು ಇಂದಿಗೂ ನನ್ನನ್ನು ಕಾಡುತ್ತಿದೆ. ಲೈಂಗಿಕ ಒಲವು ಕಾಯಿಲೆಯಲ್ಲ ಎಂಬುದು ವೈದ್ಯಶಾಸ್ತ್ರದಲ್ಲಿ ಇತ್ಯರ್ಥವಾದ ವಿಷಯ. ಲೈಂಗಿಕ ಒಲವಿನ ಆಧಾರದಲ್ಲಿ ತಾರತಮ್ಯ ಮಾಡದೆ ಮಾನಸಿಕ ಆರೋಗ್ಯ ಸೇವೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಒಲವನ್ನು ‘ಬದಲಿಸುವ’ ಚಿಕಿತ್ಸೆ ವೃತ್ತಿದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಆಗಸ್ಟ್‌ನಲ್ಲಿ ರಾಜ್ಯ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿತು. ಆದರೆ ತಮ್ಮ ಕೇಂದ್ರಗಳ ಆಪ್ತಸಮಾಲೋಚಕಿಯರು ವೈದ್ಯರಲ್ಲದ ಕಾರಣ ಆಯೋಗದ ಆ ನಿರ್ದೇಶನ ಅವರಿಗೆ ತಾಗುವುದಿಲ್ಲ. ಅವರಿಗೆ ಹೇಳಬೇಕಾದವರು ತಾವು.

ಮೂರನೆಯದು ಮದುವೆಯ ಸಲಹೆ. ಸಲಿಂಗಾಸಕ್ತ ಹೆಣ್ಣುಮಗಳಿಗೆ “ಮದುವೆಯಾಗು” ಎನ್ನುವಾಗ ಕೆಲವರಾದರೂ ಹಿಂಜರಿಯುತ್ತಾರೆ. ಉಭಯಲಿಂಗಾಸಕ್ತಳ ವಿಷಯದಲ್ಲಿ ಆ ಹಿಂಜರಿಕೆಯೂ ಇರುವುದಿಲ್ಲ. ಗಂಡಸರೂ ಇಷ್ಟವಾಗುತ್ತಾರಲ್ಲ, ಹಾಗಾದರೆ ಹೊಂದಿಕೊಂಡು ಹೋಗುವುದಕ್ಕೆ ಏನು ಅಡ್ಡಿ ಎಂಬುದೇ ಎಲ್ಲರ ತರ್ಕ. ಗಂಡನಿಂದಲೇ ದೌರ್ಜನ್ಯವಾಗಿರುವಾಗ ಈ ಸಲಹೆ ಆಕೆಯನ್ನು ಮತ್ತೆ ಅದೇ ಮನೆಗೆ ಕಳುಹಿಸುತ್ತದೆ. ಹೆಂಡತಿಗೆ ಹಿಂದೆ ಒಬ್ಬ ಹೆಣ್ಣಿನ ಜೊತೆ ಸಂಬಂಧವಿತ್ತು ಎಂದು ತಿಳಿದ ಗಂಡ ‘ಸರಿಪಡಿಸುವ’ ಹೆಸರಿನಲ್ಲಿ ಆಕೆಯ ಮೈಮೇಲೆ ನಡೆಸುವ ಬಲವಂತ, ಅನುಮಾನದಿಂದ ಫೋನು ಕಿತ್ತುಕೊಂಡು ಗೆಳತಿಯರೆಲ್ಲರನ್ನೂ ದೂರ ಮಾಡುವುದು, ಮಕ್ಕಳನ್ನು ಕೊಡುವುದಿಲ್ಲ ಎಂಬ ಬೆದರಿಕೆ, ಇವನ್ನು ಸಾಮಾನ್ಯ ಗಂಡಹೆಂಡಿರ ಜಗಳವೆಂದು ರಾಜಿ ಮಾಡಿಸಲು ಬರುವುದಿಲ್ಲ. ರಾಜಿಯ ಮೇಜಿನ ಎದುರು ಕೂತ ಗಂಡನ ಕೈಯಲ್ಲಿ ಆಕೆಯ ಗುಟ್ಟು ಇರುತ್ತದೆ. ಆತ ಏನೂ ಹೇಳದೆ ಸುಮ್ಮನಿದ್ದರೂ ಅದು ಬೆದರಿಕೆಯೇ.

ನಮ್ಮವರೇ ಆದ ಲೈಂಗಿಕ ಅಲ್ಪಸಂಖ್ಯಾತರ ಗುಂಪುಗಳಲ್ಲೂ ಈ ಅಪನಂಬಿಕೆ ಇದೆ ಎಂಬುದನ್ನು ನೋವಿನಿಂದಲೇ ಬರೆಯುತ್ತೇನೆ. “ಕೊನೆಗೆ ಗಂಡಸನ್ನೇ ಕಟ್ಟಿಕೊಂಡು ಹೋಗುವವಳು” ಎಂಬ ಮಾತನ್ನು ಸುರಕ್ಷಿತವೆಂದು ನಂಬಿ ಹೋದ ಕೂಟದಲ್ಲಿ ಕೇಳಿಸಿಕೊಂಡವರು ಎರಡನೆಯ ಬಾರಿ ಅಲ್ಲಿಗೆ ಹೋಗುವುದಿಲ್ಲ. ದೌರ್ಜನ್ಯ ಎಸಗಿದವಳು ಹೆಣ್ಣಾಗಿದ್ದರೆ ನಮ್ಮ ಗುಂಪಿನ ಮಾನ ಹೋಗುತ್ತದೆ ಎಂಬ ಭಯದಿಂದ ಅದನ್ನು ಮುಚ್ಚಿಡುವ ಒತ್ತಡವೂ ಬೀಳುತ್ತದೆ. ಹಾಗಾಗಿ ಇವರನ್ನು ಯಾವುದಾದರೊಂದು ಸಂಘಟನೆಯ ಕಡೆಗೆ ಕಳುಹಿಸಿದರೆ ತಮ್ಮ ಹೊಣೆ ಮುಗಿಯಿತು ಎಂದು ಇಲಾಖೆ ಭಾವಿಸುವಂತಿಲ್ಲ.

ಆಸ್ಪತ್ರೆಯ ಹಂತದಲ್ಲಿ ಹೊಸ ನಿಯಮವೇನೂ ಬೇಕಾಗಿಲ್ಲ, ಇರುವ ನಿಯಮ ಪಾಲನೆಯಾಗಬೇಕಾಗಿದೆ. ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ವೈದ್ಯಕೀಯ ಮತ್ತು ಕಾನೂನು ಸಂಬಂಧಿ ಆರೈಕೆಯ ಮಾರ್ಗಸೂಚಿಯಲ್ಲಿ ಭಿನ್ನ ಲೈಂಗಿಕ ಒಲವಿನವರಿಗಾಗಿಯೇ ಒಂದು ಭಾಗವಿದೆ. ಪೊಲೀಸರಿಗೆ ದೂರು ಕೊಡಲು ಇಷ್ಟವಿಲ್ಲ ಎಂದರೂ ಚಿಕಿತ್ಸೆ ನಿರಾಕರಿಸಬಾರದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಎಚ್‌ಐವಿ ಸೋಂಕು ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ಕೊಡಬೇಕಾಗುತ್ತದೆ. ಬಹಿರಂಗವಾಗುವ ಭಯಕ್ಕೆ ಎರಡು ದಿನ ಮನೆಯಲ್ಲೇ ಕುಳಿತವರಿಗೆ ಮೂರನೆಯ ದಿನ ಸಿಗುವ ಪ್ರಶ್ನೆ ಹೇಗಿರುತ್ತದೆ ಎಂಬುದರ ಮೇಲೆ ಆ ಔಷಧ ಸಿಗುವುದೂ ತಪ್ಪುವುದೂ ನಿಂತಿರುತ್ತದೆ. ಪರೀಕ್ಷೆಯ ನಮೂನೆಯಲ್ಲಿ ಘಟನೆಗೆ ಹಿಂದಿನ ವಾರದ ಸಮ್ಮತಿಯ ಸಂಬಂಧದ ಕುರಿತು ಕೇಳುವುದು ಮಾದರಿಗಳ ವಿಶ್ಲೇಷಣೆಗಾಗಿ ಮಾತ್ರ. ಅದನ್ನು ಏಕೆ ಕೇಳುತ್ತಿದ್ದೇವೆ ಎಂದು ವಿವರಿಸದೆ, ಎದುರಿಗೆ ತಾಯಿಯನ್ನೋ ಅತ್ತೆಯನ್ನೋ ಕೂರಿಸಿಕೊಂಡು ಕೇಳಿದರೆ ಆಕೆ ಸುಳ್ಳು ಹೇಳಲೇಬೇಕಾಗುತ್ತದೆ, ಆ ಸುಳ್ಳು ನ್ಯಾಯಾಲಯದಲ್ಲಿ ಆಕೆಯ ವಿರುದ್ಧವೇ ಬಳಕೆಯಾಗುತ್ತದೆ.

ನ್ಯಾಯಾಲಯದ ಮಾತು ಬಂದಿದ್ದರಿಂದ ಕಾನೂನಿನ ಸ್ಥಿತಿಯನ್ನೂ ಹೇಳುತ್ತೇನೆ. ಸಂತ್ರಸ್ತೆಯ ಹಿಂದಿನ ಲೈಂಗಿಕ ಅನುಭವ ಸಮ್ಮತಿಯ ಪ್ರಶ್ನೆಗೆ ಸಂಬಂಧಿಸಿದ್ದಲ್ಲ ಎಂದು ಹಳೆಯ ಸಾಕ್ಷ್ಯ ಕಾಯ್ದೆಗೆ 2013ರಲ್ಲಿ ತಂದ ತಿದ್ದುಪಡಿ ಹೇಳಿತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 48ನೇ ಕಲಂ ಅದನ್ನೇ ಮುಂದುವರಿಸಿದೆ. ಆಕೆ ಹಿಂದೆ ಹೆಣ್ಣನ್ನು ಪ್ರೀತಿಸಿದ್ದಳು ಎಂಬುದೂ ಆ ರಕ್ಷಣೆಯ ಒಳಗೇ ಬರುತ್ತದೆ. ಇದನ್ನು ಕೇಂದ್ರದ ಕಾನೂನು ಸಲಹೆಗಾರರು ಆಕೆಗೆ ಮೊದಲ ದಿನವೇ ತಿಳಿಸಿದರೆ ಮರೆಮಾಚುವ ಅಗತ್ಯ ಎಷ್ಟೋ ಕಡಿಮೆಯಾಗುತ್ತದೆ. ಇನ್ನು ಹಳೆಯ ಭಾರತೀಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂನಲ್ಲಿ ಅತ್ಯಾಚಾರ ಎಸಗುವವನು ಗಂಡಸು, ಒಳಗಾಗುವವಳು ಹೆಂಗಸು ಎಂದೇ ವ್ಯಾಖ್ಯಾನವಿದೆ. 18 ದಾಟಿದ ಹೆಂಡತಿಯ ಮೇಲೆ ಗಂಡ ನಡೆಸುವ ಸಂಭೋಗ ಅತ್ಯಾಚಾರವಲ್ಲ ಎಂಬ ವಿನಾಯಿತಿಯೂ ಹಾಗೇ ಉಳಿದಿದೆ. 2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟ್ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿತ್ತು. ಆ ವಿಚಾರಣೆಗೆ ಸುಪ್ರೀಂ ಕೋರ್ಟ್ ತಡೆ ನೀಡಿದ ಬಳಿಕ ನಮ್ಮ ರಾಜ್ಯ ಸರ್ಕಾರ ಹೈಕೋರ್ಟಿನ ನಿಲುವನ್ನು ಬೆಂಬಲಿಸಿ ಪ್ರಮಾಣಪತ್ರ ಸಲ್ಲಿಸಿತು ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಮದುವೆಯೊಳಗೆ ಸಿಕ್ಕಿಬಿದ್ದ ಉಭಯಲಿಂಗಾಸಕ್ತ ಹೆಣ್ಣುಮಕ್ಕಳಿಗೆ ಆ ನಿಲುವು ಬಹಳ ದೊಡ್ಡದು.

ಗಂಡಸರ ಸ್ಥಿತಿ ಇನ್ನೂ ಕೆಟ್ಟದಾಗಿದೆ. ವಯಸ್ಕರ ಸಮ್ಮತಿಯ ಸಂಬಂಧವನ್ನು, ಸಲಿಂಗ ಸಂಬಂಧವನ್ನೂ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಂನ ಹಿಡಿತದಿಂದ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಬಿಡುಗಡೆ ಮಾಡಿತು, ಆದರೆ ಬಲವಂತದ ಕೃತ್ಯಕ್ಕೆ ಆ ಕಲಂ ಉಳಿದುಕೊಂಡಿತ್ತು. ಹೊಸ ಸಂಹಿತೆಯಲ್ಲಿ ಅದನ್ನು ಪೂರ್ತಿಯಾಗಿ ಕೈಬಿಡಲಾಗಿದೆ. ಬಲವಂತದ ಕೃತ್ಯಗಳ ಮಟ್ಟಿಗೆ ಅದನ್ನು ಉಳಿಸಿಕೊಳ್ಳಬೇಕೆಂದು ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ 2023ರಲ್ಲಿ ಮಾಡಿದ ಶಿಫಾರಸು ಜಾರಿಯಾಗಲಿಲ್ಲ. ಹೀಗಾಗಿ ಇಂದು ವಯಸ್ಕ ಗಂಡಸೊಬ್ಬ ಇನ್ನೊಬ್ಬ ಗಂಡಸಿನಿಂದ ಅತ್ಯಾಚಾರಕ್ಕೆ ಒಳಗಾದರೆ ಗಾಯ, ಅಕ್ರಮ ಬಂಧನ, ಸುಲಿಗೆ ಎಂಬ ಕಲಂಗಳ ಅಡಿ ದೂರು ಬರೆಸಬೇಕು, ಅತ್ಯಾಚಾರ ಎಂದು ಬರೆಸಲಾಗದು. ಮದುವೆಯಾಗಿ ಹೆಂಡತಿ ಮಕ್ಕಳಿರುವ ಉಭಯಲಿಂಗಾಸಕ್ತ ಗಂಡಸರನ್ನು ಡೇಟಿಂಗ್ ಆಪ್‌ಗಳ ಮೂಲಕ ಕರೆಸಿಕೊಂಡು, ದೌರ್ಜನ್ಯ ಎಸಗಿ, ವಿಡಿಯೊ ಮಾಡಿ ಹಣ ಕೀಳುವವರು ನೆಚ್ಚಿಕೊಂಡಿರುವುದು ಕಾನೂನಿನ ಈ ಖಾಲಿ ಜಾಗವನ್ನೇ. ಹೆಣ್ಣಿನ ಮೇಲೆ ಹೆಣ್ಣೇ ದೌರ್ಜನ್ಯ ಎಸಗಿದಾಗಲೂ 63ನೇ ಕಲಂ ಅನ್ವಯಿಸುವುದಿಲ್ಲ, ಮಾನಭಂಗದ ಉದ್ದೇಶದ ಹಲ್ಲೆಗೆ ಸಂಬಂಧಿಸಿದ 74ನೇ ಕಲಂನಂಥ ಕಡಿಮೆ ಶಿಕ್ಷೆಯ ಕಲಂಗಳಿಗೆ ಇಳಿಯಬೇಕಾಗುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಕೂಡ ಒಟ್ಟಿಗೆ ಬಾಳುವ ಇಬ್ಬರು ಹೆಂಗಸರ ಸಂಬಂಧದ ಬಗ್ಗೆ ಸ್ಪಷ್ಟವಾಗಿ ಏನನ್ನೂ ಹೇಳುವುದಿಲ್ಲ. ಕ್ರಿಮಿನಲ್ ಕಾನೂನು ಕೇಂದ್ರ ಮತ್ತು ರಾಜ್ಯ ಎರಡೂ ಶಾಸನ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ, ಸಂವಿಧಾನದ 254(2)ನೇ ವಿಧಿಯಡಿ ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯ ತಿದ್ದುಪಡಿ ತರಬಹುದು. ಒಳಗಾದವರು ಯಾವ ಲಿಂಗದವರಾದರೂ ಬಲವಂತದ ಲೈಂಗಿಕ ಕೃತ್ಯ ಅಪರಾಧವಾಗುವಂತೆ ಒಂದು ಕಲಂ ಸೇರಿಸುವ ಪ್ರಸ್ತಾವವನ್ನು ಕಾನೂನು ಇಲಾಖೆಯ ಮುಂದೆ ತಾವೇ ಇಡಬೇಕೆಂದು ಕೋರುತ್ತೇನೆ. ಇದರಿಂದ ಹೆಂಗಸರಿಗಿರುವ ಈಗಿನ ರಕ್ಷಣೆ ಎಳ್ಳಷ್ಟೂ ಸಡಿಲವಾಗಬಾರದು ಎಂಬ ಎಚ್ಚರವೂ ಇರಲಿ, ಅಂಥ ಆತಂಕವನ್ನು ಮಹಿಳಾ ಸಂಘಟನೆಗಳು ಹಿಂದಿನಿಂದಲೂ ವ್ಯಕ್ತಪಡಿಸಿವೆ, ಅದು ನ್ಯಾಯವಾದ ಆತಂಕ.

ಕಾನೂನು ಬದಲಾಗಲು ವರ್ಷಗಳು ಬೇಕು. ಸುತ್ತೋಲೆಗೆ ಅಷ್ಟು ಕಾಲ ಬೇಡ. ಸಖಿ ಕೇಂದ್ರ, ಸಾಂತ್ವನ ಕೇಂದ್ರ, 181 ಮಹಿಳಾ ಸಹಾಯವಾಣಿ ಮತ್ತು ಆಸರೆ ನೀಡುವ ಶಕ್ತಿ ಸದನಗಳ ಸಿಬ್ಬಂದಿಗೆ ಇಲಾಖೆ ಒಂದು ಸ್ಪಷ್ಟ ಆದೇಶ ಹೊರಡಿಸಬೇಕು. ನೊಂದವರ ಒಲವನ್ನು ಬದಲಿಸಲು, ಅದಕ್ಕೆ ಕಾರಣ ಹುಡುಕಲು ಅಥವಾ ಅದರ ಆಧಾರದಲ್ಲಿ ಮದುವೆಯ ಸಲಹೆ ನೀಡಲು ಯತ್ನಿಸಬಾರದು ಎಂದು ಅದರಲ್ಲಿ ಬರೆದಿರಬೇಕು. ವಯಸ್ಕರ ಒಲವನ್ನಾಗಲಿ ಗುರುತನ್ನಾಗಲಿ ಬದಲಿಸುವ ಸಮಾಲೋಚನೆಗೆ ನ್ಯಾಯಾಲಯಗಳು ಕೈಹಾಕಬಾರದೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ, ಕೇರಳದ ಪ್ರಕರಣವೊಂದರಲ್ಲಿ, ಹೈಕೋರ್ಟುಗಳಿಗೇ ಮಾರ್ಗಸೂಚಿ ಕೊಟ್ಟಿರುವಾಗ ಜಿಲ್ಲಾ ಕೇಂದ್ರದ ಆಪ್ತಸಮಾಲೋಚಕರಿಗೆ ಆ ಸ್ವಾತಂತ್ರ್ಯ ಇರಲು ಹೇಗೆ ಸಾಧ್ಯ? ಪ್ರಶ್ನೆಗಳಲ್ಲಿ “ಗಂಡ”, “ಅವನು” ಎಂದು ಮೊದಲೇ ಊಹಿಸದೆ “ಸಂಗಾತಿ”, “ಯಾರು” ಎಂದು ಕೇಳುವುದನ್ನು ರೂಢಿ ಮಾಡಿಸಬೇಕು. ಹೇಳಬೇಕೋ ಬೇಡವೋ ಎಂದು ತೂಗುತ್ತಿರುವವರಿಗೆ ಈ ಸಣ್ಣ ಬದಲಾವಣೆಯೇ ಧೈರ್ಯ ಕೊಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹೇಳಿಕೊಂಡ ಒಲವಿನ ವಿವರ ಆಕೆಯ ಲಿಖಿತ ಒಪ್ಪಿಗೆಯಿಲ್ಲದೆ ಕಡತಕ್ಕೂ ಹೋಗಬಾರದು, ಮನೆಯವರ ಕಿವಿಗೂ ಬೀಳಬಾರದು.

ಆಸರೆಯ ವಿಷಯದಲ್ಲಿ ಸಖಿ ಕೇಂದ್ರದ ಐದು ದಿನಗಳ ತಂಗುವಿಕೆ ಇಂಥವರಿಗೆ ಸಾಲುವುದಿಲ್ಲ. ಇತರರಿಗೆ ಐದು ದಿನಗಳ ನಂತರ ತವರು ಇರಬಹುದು, ಇವರಿಗೆ ಎಷ್ಟೋ ಸಲ ತವರೇ ಎರಡನೆಯ ಅಪಾಯ. ಶಕ್ತಿ ಸದನಕ್ಕೆ ಸೇರಿಸಿಕೊಳ್ಳುವಾಗ ತಂದೆತಾಯಿಯನ್ನು ಕರೆಸಬೇಕೆಂದು ಒತ್ತಾಯಿಸಕೂಡದು, ಅಲ್ಲಿನ ಇತರ ನಿವಾಸಿಗಳಿಗೆ ಆಕೆಯ ಹಿನ್ನೆಲೆ ತಿಳಿಯಕೂಡದು. ತಮ್ಮ ಕೇಂದ್ರಗಳು ಗಂಡಸರಿಗಲ್ಲ ಎಂಬುದು ನನಗೆ ತಿಳಿದಿದೆ. ಆದರೂ 181ಕ್ಕೆ ಗಂಡಸೊಬ್ಬ ಕರೆ ಮಾಡಿದಾಗ ಫೋನು ಇಡುವ ಬದಲು ಜಿಲ್ಲಾ ಆಸ್ಪತ್ರೆಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಸಂಪರ್ಕ ಕೊಡಿಸುವ ವ್ಯವಸ್ಥೆಯನ್ನಾದರೂ ಮಾಡಬಹುದು. ಟೆಲಿ ಮಾನಸ್‌ನ ರಾಷ್ಟ್ರೀಯ ಹೊಣೆ ಹೊತ್ತಿರುವ ನಿಮ್ಹಾನ್ಸ್ ನಮ್ಮ ಬೆಂಗಳೂರಿನಲ್ಲೇ ಇದೆ, ತರಬೇತಿಯ ಪಠ್ಯ ರೂಪಿಸಲು ಬೇರೆಲ್ಲೂ ಹೋಗಬೇಕಾಗಿಲ್ಲ.

ಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು, ಮೊದಲ ದೌರ್ಜನ್ಯ ಹದಿಹರೆಯದಲ್ಲೇ ಆಗಿರುವ ಸಾಧ್ಯತೆಯ ಬಗ್ಗೆ ಮೇಲೆ ಬರೆದಿದ್ದೇನೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಹುಡುಗ ಹುಡುಗಿ ಎಂಬ ಭೇದ ಮಾಡುವುದಿಲ್ಲ, ಅದು ದೊಡ್ಡ ಬಲ. ಆದರೆ ವಿಷಯ ತಿಳಿದ ಯಾರೇ ಆಗಲಿ ವರದಿ ಮಾಡಲೇಬೇಕೆಂದು ಅದರ 19ನೇ ಕಲಂ ಹೇಳುವುದರಿಂದ, ಹದಿನಾರರ ಹುಡುಗಿ ಶಿಕ್ಷಕಿಯ ಬಳಿ ಬಾಯಿಬಿಟ್ಟ ಕ್ಷಣದಿಂದ ಪೊಲೀಸರು, ಮಕ್ಕಳ ಕಲ್ಯಾಣ ಸಮಿತಿ, ತಂದೆತಾಯಿ ಎಲ್ಲರೂ ಒಳಬರುತ್ತಾರೆ. ದೌರ್ಜನ್ಯದ ವರದಿಯ ಜೊತೆಗೆ ಆಕೆ ಯಾರನ್ನು ಇಷ್ಟಪಡುತ್ತಾಳೆ ಎಂಬುದೂ ಮನೆ ತಲುಪಿದರೆ, ಆ ಮನೆಯಲ್ಲಿ ಮುಂದಿನ ಎರಡು ವರ್ಷ ಆಕೆ ಹೇಗೆ ಬದುಕಬೇಕು? ಓದು ನಿಲ್ಲಿಸಿ ಅವಸರದಲ್ಲಿ ಮದುವೆಗೆ ಗೊತ್ತು ಮಾಡಿದ್ದನ್ನು ನಾನು ಕಂಡಿದ್ದೇನೆ. ಪೋಕ್ಸೊ ನಿಯಮಗಳ ಅಡಿ ನೇಮಕವಾಗುವ ಬೆಂಬಲ ವ್ಯಕ್ತಿಗೆ ಈ ಒಂದು ಗುಟ್ಟನ್ನು ಕಾಯುವುದು ತನ್ನ ಕರ್ತವ್ಯದ ಭಾಗ ಎಂದು ಮಕ್ಕಳ ಕಲ್ಯಾಣ ಸಮಿತಿಗಳ ಮೂಲಕ ತಿಳಿಸಬೇಕು.

ಸುತ್ತೋಲೆಯ ಕರಡು ಸಿದ್ಧವಾದಾಗ ಅದನ್ನು ಅಂತಿಮಗೊಳಿಸುವ ಮುನ್ನ, ದೌರ್ಜನ್ಯವನ್ನು ದಾಟಿ ಬಂದ ಉಭಯಲಿಂಗಾಸಕ್ತರಿಗೆ ಹೆಸರು ಹೇಳದೆ ಅಭಿಪ್ರಾಯ ಕಳುಹಿಸುವ ಅವಕಾಶವನ್ನು ಇಲಾಖೆ ಕಲ್ಪಿಸಬೇಕೆಂದು ವಿನಂತಿಸುತ್ತೇನೆ. ಎಲ್ಲರೆದುರು ಬಂದು ಮಾತಾಡುವ ಸಭೆ ಕರೆದರೆ ನನ್ನಂಥ ಕೆಲವರಷ್ಟೇ ಬರುತ್ತೇವೆ, ಮದುವೆಯಾಗಿ ಸಣ್ಣ ಊರುಗಳಲ್ಲಿರುವವರು ಬರಲಾಗುವುದಿಲ್ಲ. ಅವರು ಬರೆದು ಕಳುಹಿಸಬಲ್ಲರು, ನಾನು ಮಾತಾಡಿಸಿದ ಹಲವರು ಬರೆಯಲು ಸಿದ್ಧರಿದ್ದಾರೆ. ಕರಡನ್ನು ಕನ್ನಡದಲ್ಲೇ ಪ್ರಕಟಿಸಿ, ಪ್ರತಿಕ್ರಿಯೆಗೆ ಕನಿಷ್ಠ ಒಂದು ತಿಂಗಳ ಕಾಲ ಕೊಡಿ.

ಗೌರವಗಳೊಂದಿಗೆ,
ನೊಂದವರ ಜೊತೆ ದುಡಿಯುವ ಒಬ್ಬ ಉಭಯಲಿಂಗಾಸಕ್ತ ಮಹಿಳೆ